ಬ್ರೇಕ್ ಒತ್ತಿದಾಗಿನ ನಡುಕ

೭ ಏಪ್ರಿಲ್, ರವಿವಾರ

ಇವತ್ತೂ ಅದ. ಪುಣೆದ ಪೌಡ್ ರೋಡ್ ಸಿಗ್ನಲ್‌ದಾಗ ಬ್ರೇಕ್ ಹಾಕಿದೆ, ಸ್ಟೇರಿಂಗ್ ಗಡಗಡ. ಮೊಣಕೈ ತನಕ ನಡುಕ. ನಿಧಾನ ಇದ್ದಾಗ ಏನೂ ಇಲ್ಲ. ಜೋರಿನಾಗ ಒತ್ತಿದ್ರ ಮಾತ್ರ.

ಇವರು ಪಕ್ಕದ ಸೀಟಿನಿಂದ — "ಇಂದೂ, ನೀ ಬ್ರೇಕ್ ತುಳಿಯೂದ ಸರಿ ಇಲ್ಲ. ತುಳೀಬಾರದು, ಒತ್ತಬೇಕು."

ವರ್ಷಾನುಗಟ್ಟಲೆ ಇವರೇ ಓಡಿಸಿದ ಗಾಡಿ. ಕಣ್ಣಿನ ನರ ಸೋತು, ಎರಡೂ ಬಾಜೂ ಕತ್ತಲಾದ ಮ್ಯಾಲ, ಹೋದ ದೀಪಾವಳಿಯಿಂದ ನಾನ ಓಡಸ್ತೇನಿ. ಇವರಿಗೆ ಈಗ ಕಾಣೂದು ನಟ್ಟನಡುವ ಒಂದ ಕಿಂಡಿಯಷ್ಟು. ಆ ಕಿಂಡಿಯೊಳಗ ನನ್ನ ತಪ್ಪು ಮಾತ್ರ ಚಲೋ ಕಾಣತಾವ.

೧೦ ಏಪ್ರಿಲ್

ಟೈರ್ ಅಂಗಡಿಯಾಗ ವ್ಹೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ. ಏನೂ ಫರಕ್ ಇಲ್ಲ.

ಸಂಜೀಕ ಕಣ್ಣಿನ ಡಾಕ್ಟರ್. ಉಳಿದದ್ದೂ ಭಾಳ ದಿನ ನಿಲ್ಲೂದಿಲ್ಲ ಅಂದ್ರು. ಇವರು ಹೊರಗ ಬಂದು, ಮೆಟ್ಟಿಲ ಮ್ಯಾಲ ನನ್ನ ತೋಳು ಹಿಡಕೊಂಡು, "ಭೋರಿಗೆ ಹೋಗಿ ಬರೋಣು. ಇನ್ನೂ ಕಣ್ಣು ಕಾಣೂವಾಗ" ಅಂದ್ರು.

ಭೋರ್... ಲಗ್ನ ಆಗಿ ಧಾರವಾಡದಿಂದ ಬಂದಿಳಿದ ಮೊದಲ ಊರು. ಇವರ ಬ್ಯಾಂಕಿನ ಮೊದಲ ಪೋಸ್ಟಿಂಗ್. ಹಿಟ್ಟಿನ ಗಿರಣಿ ಮ್ಯಾಲ ಒಂದ ಖೋಲಿ. ಹಾಸಿಗಿ ಮ್ಯಾಲ, ಕೂದಲದಾಗ, ಎಲ್ಲಾ ಕಡೆ ಜ್ವಾಳದ ಹಿಟ್ಟು. ಇವರು ಬ್ಯಾಂಕಿಗೆ ಹೊಂಟಾಗ ಕಾಲರ್ ಝಾಡಿಸಿ ಕಳಸ್ತಿದ್ದೆ. ನನಗ ಆಗ ಮರಾಠಿ ಬರ್ತಿದ್ದಿಲ್ಲ. ಇಡೀ ಊರಾಗ ಇವರೊಬ್ಬರ ಜೋಡೀನ ಮಾತು. ಸಂಜೀಕ ನೀರಾ ನದಿ ಮೆಟ್ಟಿಲ ಮ್ಯಾಲ ಕೂತು ದಿನದ ಮಾತೆಲ್ಲಾ ಒಮ್ಮೆಲೆ ಆಡಿ ಮುಗಸ್ತಿದ್ದೆ. ಇವರು ಶೇಂಗಾ ಸುಲಕೋತ ಕೇಳ್ತಿದ್ರು.

೧೨ ಏಪ್ರಿಲ್

ಮಗಳು ಮುಕ್ತಾ ಫೋನ್ ಮಾಡಿದ್ಲು. ಕ್ಯಾಬ್ ಮಾಡಿಕೊಂಡು ಹೋಗ್ರಿ, ಗಾಡಿ ಭಂಗಾರಕ್ಕ ಹಾಕ್ರಿ ಅಂತಾಳ. ಪುಣೆದಾಗ ಹುಟ್ಟಿದಕಿ. ಗುಜರಿಗೆ ಹಾಕೂದಕ್ಕ ಮರಾಠಿಯೊಳಗ ಭಂಗಾರ ಅಂತಾರ. ನನ್ನ ಧಾರವಾಡದ ಕಿವಿಗೆ ಇನ್ನೂ ಬಂಗಾರ ಅಂತನ ಕೇಳತದ.

ಇವರು ಕ್ಯಾಬ್ ಬ್ಯಾಡ ಅಂದ್ರು. ಬ್ಯಾರೆಯವನ ಮುಂದ ಏನ್ ಮಾತಾಡೂದು.

೧೪ ಏಪ್ರಿಲ್, ಬೆಳಿಗ್ಗೆ

ಗುಡ್ಡದ ಕಡೆ ಖಾಲಿ ರಸ್ತೆಗೆ ಕರಕೊಂಡ ಹೋಗು ಅಂದ್ರು. ಹೋದ್ವಿ. ಪೆಡಲ್ ಮುಟ್ಟದ ಹ್ಯಾಂಡ್‌ಬ್ರೇಕ್ ಅಷ್ಟ ಮೆಲ್ಲಕ ಎಳಿ ಅಂದ್ರು. ಎಳದೆ. ನಡುಕ ಇಲ್ಲ. ಅದು ಹಿಡಿಯೂದು ಹಿಂದಿನ ಗಾಲಿ; ಅಂದ್ರ ಅವು ಚಲೋ ಅವ. ಆಮ್ಯಾಲ ಸ್ಟೇರಿಂಗ್ ಮ್ಯಾಲ, ನನ್ನ ಕೈ ಬಾಜೂಕ, ತಮ್ಮ ಅಂಗೈ ಇಟ್ರು. ಪೆಡಲ್ ಒತ್ತಿದೆ. ಇಬ್ಬರ ಕೈನೂ ಕೂಡೇ ನಡಗಿದ್ವು.

ಗಾಡಿ ನಿಂತ ಮ್ಯಾಲೂ ಕೈ ತಗೀಲಿಲ್ಲ.

"ಮುಂದಿನ ಗಾಲಿಯ ಬ್ರೇಕ್ ಡಿಸ್ಕ್ ಸೊಟ್ಟ ಆಗ್ಯಾವ. ನಿನ್ನ ಕಾಲಿಂದಲ್ಲ ಇದು, ಇಂದೂ."

ಕ್ಷಮಾ ಕೇಳೋ ಪೈಕಿ ಅಲ್ಲ ಇವರು. ಇದನ್ನ ಕ್ಷಮಾ ಅಂತ ಹಿಡದೆ.

೧೭ ಏಪ್ರಿಲ್

ಕೋಥರೂಡದ ಲತೇಶನ ಗ್ಯಾರೇಜ್. ಡಿಸ್ಕಿಗೆ ಗೇಜ್ ಹಚ್ಚಿ ತಿರುವಿದ. ಮುಳ್ಳು ಓಲಾಡ್ತು. ಇವರು ಹೇಳಿದ್ದು ಖರೆ ಆತು. ಎರಡೂ ಡಿಸ್ಕ್ ಹೊಸಾವು ಹಾಕಿದ, ಪ್ಯಾಡೂ ಹೊಸಾವು. ಸಂಜೀ ತನಕ ಆತು.

೧೮ ಏಪ್ರಿಲ್

ನಡುಕ ಹೋಗಿಲ್ಲ. ಕಡಿಮಿ ಆಗೇದ, ಹೋಗಿಲ್ಲ. ಚಾಂದನಿ ಚೌಕದ ಇಳಿಜಾರಿನಾಗ ಮುಂದ ಟ್ರಕ್ ಒಮ್ಮೆಲೆ ನಿಂತಿತು. ಒತ್ತಿದೆ, ಮತ್ತ ಅದೇ ಗಡಗಡ... ಗಾಡಿ ನಿಂತಿತು. ಬಾಜೂಕ ಹಚ್ಚಿ ಎಷ್ಟೋ ಹೊತ್ತು ಕೂತೆ.

ಇದನ್ನ ತಗೊಂಡು ಘಾಟ್ ಇಳೀಲಾರೆ. ಹೇಳಿಬಿಟ್ಟೆ. ಭೋರ್ ಬ್ಯಾಡ.

೧೧ ಮೇ

ಬರಿಯೂ ಮನಸಾಗಲಿಲ್ಲ. ಗಾಡಿ ಕವರ್ ಹೊದ್ದು ನಿಂತದ.

ಮುಂಜಾನೆ ಚಹಾ ಇಟ್ಟೆ. ಕಪ್ ಎದುರಿಗೇ ಇತ್ತು. ಇವರ ಕೈ ಟೇಬಲ್ ಮ್ಯಾಲ ಹುಡಕ್ಯಾಡಿತು. ಕಿಂಡಿ ಮತ್ತ ಸಣ್ಣದಾಗೇದ. ಭೋರಿನ ಹೆಸರು ಒಮ್ಮೆಯೂ ತಗದಿಲ್ಲ. ಅದ ತಡಕೊಳ್ಳಾಕ ಆಗವಲ್ತು.

ನಾನ ಲತೇಶಗ ಫೋನ್ ಮಾಡಿದೆ.

೧೩ ಮೇ

ಇವರೂ ಬರ್ತೇನಿ ಅಂದ್ರು. ಲತೇಶ ಡಿಸ್ಕ್ ಬಿಚ್ಚಿದ. ಇವರು ಕೆಳಗ ಕೂತು, ಡಿಸ್ಕ್ ಕೂಡೂ ಜಾಗಾದ ಮ್ಯಾಲ ಬೆರಳಾಡಿಸಲಿಕ್ಕೆ ಹತ್ತಿದ್ರು. "ಕಾಕಾ, ಹಾತ್ ಕಾಳೇ ಹೋತೀಲ," ಕೈ ಕರ್ರಗಾಗ್ತಾವ ಅಂತ ಲತೇಶ ತಡದ. ಕೇಳಲಿಲ್ಲ. ಒಂದ ಕಡೆ ಬೆರಳು ನಿಂತಿತು.

ತುಕ್ಕು. ಹಾಳಿಯಷ್ಟು ತೆಳ್ಳನ್ನ ಉಬ್ಬು. ಅದರ ಮ್ಯಾಲ ಕೂಡ್ರಿಸಿದ್ದಕ್ಕ ಹೊಸಾ ಡಿಸ್ಕೂ ವಾಲಿತ್ತು. ಲತೇಶ ತಾನೂ ಮುಟ್ಟಿ ನೋಡಿದ, ಅವತ್ತ ಗಡಬಡಿಯೊಳಗ ಒರಸೂದು ಬಿಟ್ಟಿದ್ದೆ ಅಂದ. ತಂತಿ ಬ್ರಶ್‌ನಿಂದ ಹೊಳಿಯೂಹಂಗ ತಿಕ್ಕಿದ.

ಅದೇ ಇಳಿಜಾರಿಗೆ ಒಯ್ದೆ. ಒತ್ತಿದೆ. ಕೈಯಾಗ ಏನೂ ಇಲ್ಲ. ಮೆತ್ತಗ ನಿಂತಿತು. ಮುಂದ ಖಾಲಿ ಸಿಕ್ಕಲ್ಲಿ ಮತ್ತ ಮತ್ತ ಒತ್ತಿದೆ, ಬರೇ ಖುಷಿಗೆ. ಇವರು ನಗ್ಲಿಕ್ಕೆ ಹತ್ತಿದ್ರು.

೧೮ ಮೇ, ಭೋರ್

ಲಾಡ್ಜಿನಾಗ ಇದ್ದೇವಿ. ಕಾತ್ರಜ ಘಾಟ್ ಇಳದೆ, ನಾನ! ದಾರ್ಯಾಗ ಎಲಿ ದೊನ್ನಿಯಾಗ ಕವಳಿ ಹಣ್ಣು ತಗೊಂಡ್ವಿ. ಇವರ ಬೆರಳೆಲ್ಲಾ ಅಂಟು.

ಗಿರಣಿ ಮನಿ ಇಲ್ಲ. ಮೊಬೈಲ್ ಅಂಗಡಿ ಆಗೇದ, ಮ್ಯಾಲ ಕೋಚಿಂಗ್ ಕ್ಲಾಸ್. ಮನಿ ಇನ್ನೂ ಅದ ಅಂತ ಸುಳ್ಳ ಹೇಳಲೇನು ಅನಿಸ್ತು. ಇದ್ದದ್ದ ಹೇಳಿದೆ.

"ನನ್ನ ಕಣ್ಣಷ್ಟ ಹೋಗ್ಯಾವ ಅನಕೊಂಡಿದ್ದೆ. ಮನಿನೂ ಹೋಗೇದನು?" ಅಂದ್ರು. ಆಮ್ಯಾಲ ಕೈ ಎತ್ತಿ, ಇಲ್ಲಿ ಮ್ಯಾಲ ಹತ್ತೂ ಜಿನಾ, ಇಲ್ಲಿ ನಿನ್ನ ತುಳಸಿ ಡಬ್ಬಿ ಅಂತ ತೋರಿಸಿದ್ರು. ಎಲ್ಲಾ ಬರೋಬ್ಬರಿ.

ನದಿ ಮೆಟ್ಟಿಲು ಹಂಗ ಅವ. ಕೂತ್ವಿ. ನನ್ನ ಮುಖ ಕಿಂಡಿಯೊಳಗ ಪೂರಾ ಹಿಡೀಲಿಕ್ಕೆ ಇವರು ಕುತ್ತಿಗಿ ಅತ್ತಿತ್ತ ಹೊರಳಸ್ತಿದ್ರು. ತುಸು ತುಸುವ ನೋಡಿದ್ರು — ಹಣಿ, ಮೂಗು, ಗದ್ದ.

ನಾನು ಅಳ್ಳಾಡದ ಕೂತೆ.

೧೯ ಮೇ, ಬೆಳಿಗ್ಗೆ

ಭೋರಿನ ಧರಣ, ಆಣೆಕಟ್ಟಿನ ಕಡೆ ಬಂದೇವಿ. ನೀರು ಹಿಂದ ಸರದು ದೊಡ್ಡ ಬಯಲು ಬಿದ್ದದ. ಬಿರಿದ ಮಣ್ಣು, ಸಪಾಟ. ಆಡು ಸುದ್ದಾ ಇಲ್ಲ. ಒಂದ ಸಲ ನಾ ಓಡಸಲೇನು ಅಂತ ಇವರು ಕೇಳಿದ್ರು. ಕೀಲಿ ತಗೊಂಡು ಕೆಳಗಿಳದೆ. ಈ ವಹಿ ಬಾನೆಟ್ ಮ್ಯಾಲ ಇಟ್ಟು ಬರೀಲಿಕ್ಕೆ ಹತ್ತೇನಿ.

ಇವರು ಆಗಲೇ ನನ್ನ ಸೀಟಿಗೆ ಸರಿದಾರ. ಸೀಟು ಹಿಂದ ತಳ್ಳಿದ್ರು. ಕನ್ನಡಿನೂ ತಿರುವಿದ್ರು, ಕಾಣದಿದ್ರೂ. ಕೀಲಿ ನನ್ನ ಕೈಯಾಗದ. ಕಿಡಕಿಯಿಂದ ಕೈ ಚಾಚ್ಯಾರ. "ಬಾ, ಬಾಜೂಕ ಕೂಡು. ಎಡಕ್ಕ, ಬಲಕ್ಕ ನೀ ಹೇಳು" ಅಂತಾರ. ಹೊಂಟೆ. ಇಷ್ಟ ಬರದು—