ಮೊದಲ ಗುಟುಕು

ವಿಜಯನಗರ, ಬೆಂಗಳೂರು
ಸೋಮವಾರ, 17 ಫೆಬ್ರವರಿ 2025

ನಿಖಿತಾಳ ಅಪ್ಪನವರಿಗೆ,

ಶರಣು. ನಾವು ಕ್ಷೇಮ ಎಂದು ಬರೆಯುವುದು ವಾಡಿಕೆ. ಈ ಸಲ ವಾಡಿಕೆಗೆ ಬರೆಯುತ್ತಿಲ್ಲ, ನಿಜವಾಗಿಯೂ ಕ್ಷೇಮವಾಗಿದ್ದೇವೆ. ಬರೀ ಕ್ಷೇಮವಲ್ಲ, ಗೆದ್ದಿದ್ದೇವೆ. ನಿನ್ನೆ ನಿಮ್ಮ ಮಗಳು ಮಠದ ಉತ್ತರಾಧಿಕಾರಿಯಾಗಿ ಪೀಠದಲ್ಲಿ ಕೂತಳು. ಈ ಸಾಲನ್ನು ನನ್ನ ಕೈಯಾರೆ ಬರೆಯಬೇಕೆಂದು ಪೂಜೆ ಮುಗಿಸಿದವಳೇ ಕಾಫಿ ಕೂಡ ಕುಡಿಯದೆ ಕೂತಿದ್ದೇನೆ.

ಜೈಲಿನವರು ಕಾಗದ ಓದಿಯೇ ಒಳಗೆ ಕೊಡುತ್ತಾರಂತೆ. ಓದಲಿ ಬಿಡಿ. ಟೀವಿಯವರು ಹೇಳಿದ್ದಕ್ಕಿಂತ ಇದರಲ್ಲಿ ನಿಜ ಜಾಸ್ತಿ ಇದೆ.

ನಿಮ್ಮ ಕಾಗದ ಹೋದ ವಾರ ಬಂತು. ಹೆಣ್ಣು ಪೀಠ ಏರಿದರೆ ಮಠ ಹಾಳಾಗುತ್ತದೆಂದು, ಸಂಪ್ರದಾಯ ಉಳಿಸಲೆಂದೇ ಸ್ವಾಮಿಗಳ ಪ್ರಾಣಕ್ಕೆ ಕೈ ಹಾಕಿದೆ ಎಂದು ಬರೆದಿದ್ದೀರಿ. ಕೋರ್ಟಿನಲ್ಲಿ ನಾನೂ ಹಾಗೇ ಹೇಳಬೇಕಂತೆ, ಮಗಳಿಗೆ ಬುದ್ಧಿ ಹೇಳಿ ಪೀಠ ಬಿಡಿಸಬೇಕಂತೆ. ಅಕ್ಷರ ಮುದ್ದಾಗಿದೆ. ಇಷ್ಟು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತಕ್ಕೆ ಟಿಪ್ಪಣಿ ಬರೆದ ಕೈ, ಸುಳ್ಳನ್ನು ಕೂಡ ನೆಟ್ಟಗೆ ಬರೆಯುತ್ತದೆ.

ನೀವು ಯಾಕೆ ಹೀಗೆ ಮಾಡಿದಿರಿ ಎಂಬುದಕ್ಕೆ ಊರಿನಲ್ಲಿ ಕಾರಣಗಳಿಗೇನೂ ಬರವಿಲ್ಲ. ಒಂದು ಚಾನೆಲ್ಲಿನವರು ಮಲ್ಲತ್ತಹಳ್ಳಿ ಕೆರೆಯ ಪಕ್ಕ ಇರುವ ಮಠದ ಜಾಗದ ಮೇಲೆ ನಿಮಗೆ ಕಣ್ಣಿತ್ತು ಎಂದರು. ಇನ್ನೊಂದರವರು ಹಿಂದೆ ಯಾವುದೋ ಪಕ್ಷ ಇದೆ ಎಂದರು. ನಿಮ್ಮ ವಕೀಲರು ನಿಮ್ಮ ತಲೆ ಸರಿ ಇರಲಿಲ್ಲ ಎನ್ನುತ್ತಾರೆ. ಇನ್ನು ನಾಲ್ಕು ಜನ ಗಂಡಸರು ಬಂದು ನೀವು ಧರ್ಮ ಕಾಪಾಡಿದವರೆಂದು ನನಗೇ ಶಾಲು ಹೊದಿಸಲು ಹೊರಟಿದ್ದರು. ಆ ಶಾಲಿನಲ್ಲೇ ಅವರನ್ನು ಗೇಟಿನಾಚೆ ಅಟ್ಟಿದೆ. ಇದರಲ್ಲಿ ಒಂದೂ ನಿಜವಲ್ಲ. ನಿಮಗೆ ಇದ್ದದ್ದು ಹೊಟ್ಟೆಕಿಚ್ಚು. ಮೊದಲು ಸ್ವಾಮಿಗಳ ಮೇಲೆ, ಆಮೇಲೆ ಹೆತ್ತ ಮಗಳ ಮೇಲೆ.

ಲಗ್ನವಾದ ಹೊಸತರಲ್ಲಿ ನೀವೇ ಹೇಳಿದ್ದಿರಿ. ನೀವೂ ಈಗಿನ ಸ್ವಾಮಿಗಳೂ ಹುಡುಗರಾಗಿದ್ದಾಗ ಮಠದಲ್ಲಿ ಮರಿಗಳಾಗಿದ್ದವರು, ಮುಂದೆ ಸ್ವಾಮಿಗಳಾಗಲೆಂದು ಮನೆಯವರು ಮಠಕ್ಕೆ ಒಪ್ಪಿಸಿದ ಮಕ್ಕಳು. ಆಗ ಅವರ ಹೆಸರು ಚನ್ನಮಲ್ಲ. ನಮ್ಮ ಮಠದಲ್ಲಿ ಗುರುಗಳು ಉತ್ತರಾಧಿಕಾರಿಯನ್ನು ಸಭೆಯಲ್ಲಿ ಬಾಯಿಮಾತಿನಲ್ಲಿ ಸಾರುವುದಿಲ್ಲ. ತಮಗೆ ಬಂದ ಹಾಲಿನ ಲೋಟವನ್ನು ತಾವು ಕುಡಿಯದೆ ಒಬ್ಬರ ಬಾಯಿಗೆ ಹಿಡಿಯುತ್ತಾರೆ. ಆ ಮೊದಲ ಗುಟುಕು ಯಾರದೋ ಪೀಠ ಅವರದು. ಮಠದಲ್ಲಿದ್ದವರೆಲ್ಲ ಅದು ನಿಮಗೇ ಎಂದುಕೊಂಡಿದ್ದರಂತೆ. ಹಳೆಯ ಗುರುಗಳು ಲೋಟವನ್ನು ಚನ್ನಮಲ್ಲನ ಬಾಯಿಗೆ ಹಿಡಿದರು. ಮಾರನೆಯ ದಿನ ನಿಮ್ಮನ್ನು ಮನೆಗೆ ಕಳಿಸಿದರು. ಇದನ್ನು ಹೇಳುವಾಗ ಮದುಮಗನಾಗಿದ್ದ ನಿಮ್ಮ ತುಟಿ ಅದುರುತ್ತಿತ್ತು. ಆವತ್ತು ನನಗೆ ನಿಮ್ಮ ಮೇಲೆ ತುಂಬ ಪ್ರೀತಿ ಬಂತು. ಆ ಗಾಯ ಇಷ್ಟು ವರ್ಷ ಕೀವಾಗಿ ಕೂತಿರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಸ್ವಾಮಿಗಳು ನಿಖಿತಾಳನ್ನು ಆರಿಸಿದ್ದೇನೆ ಎಂದು ನಮ್ಮಿಬ್ಬರನ್ನೇ ಕರೆದು ಹೇಳಿದಾಗ ನೀವು ನಕ್ಕಿರಿ. ಪೇಡ ತಂದು ಬೀದಿಗೆಲ್ಲ ಹಂಚಿದಿರಿ. ಮಗಳು ಕಾಲೇಜಿನಲ್ಲಿ ಪಾಠ ಹೇಳುವುದನ್ನು ಬಿಟ್ಟು ಮಠದ ಶಾಲೆ ನಡೆಸುತ್ತಿದ್ದಾಳೆ, ದಾಸೋಹದಲ್ಲಿ ದೊಡ್ಡವರು ಬಂದರೂ ಎಲ್ಲರ ಸಾಲಿನಲ್ಲೇ ಕೂರಿಸುತ್ತಾಳೆ, ಅಂಥವಳೇ ಬೇಕು ಎಂದು ಪಕ್ಕದ ಮನೆ ಸತ್ಯವತಿಯವರ ಹತ್ತಿರ ಕೊಚ್ಚಿಕೊಂಡಿರಿ. ನಾನು ಪೂರ್ತಿ ನಂಬಿದೆ.

ಕಾರ್ತಿಕ ಸೋಮವಾರ ಸ್ವಾಮಿಗಳು ಪಾದಪೂಜೆಗೆ ನಮ್ಮ ಮನೆಗೆ ಬಂದರು. ಹಾಲಿಗೆ ಏಲಕ್ಕಿ ಸ್ವಲ್ಪ ಜಾಸ್ತಿ ಹಾಕು ಎಂದು ನೀವು ಹೇಳಿದಿರಿ, ಹಾಕಿದೆ. ಲೋಟ ನಾನು ತರುತ್ತೇನೆ ಎಂದಿರಿ, ಕೊಟ್ಟೆ. ತಾರಸಿಯ ಗುಲಾಬಿ ಗಿಡಗಳಿಗೆ ಹೊಡೆಯುವ ಔಷಧಿಯನ್ನು ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಬೆರೆಸಿದ್ದಿರಿ. ಮೊದಲ ಗುಟುಕಿನ ಶಾಸ್ತ್ರ ಮಠದಲ್ಲಿ, ಶಿವರಾತ್ರಿಗೆ ಎಂದು ತಾನೇ ನಿಮ್ಮ ಲೆಕ್ಕ? ಸ್ವಾಮಿಗಳಿಗೆ ಅವತ್ತು ಏನನ್ನಿಸಿತೋ, ಲೋಟ ಕೈಗೆ ತೆಗೆದುಕೊಂಡವರು ನಗುತ್ತಾ, "ಶಿವರಾತ್ರಿ ತನಕ ಯಾಕೆ ಕಾಯೋದು? ಅಪ್ಪ ಅವ್ವನ ಕಣ್ಮುಂದೇನೇ ಆಗ್ಲಿ, ಬಾ ಮಗಳೇ" ಎಂದು ನಿಖಿತಾಳ ಬಾಯಿಗೆ ಹಿಡಿದರು. ಅವಳು ಕಣ್ಣು ಮುಚ್ಚಿ ತುಟಿ ತೆರೆದಳು.

ನೀವು ಹಾರಿ ಬಂದು ಲೋಟಕ್ಕೆ ಹೊಡೆದಿರಿ. "ಕುಡೀಬೇಡ ಕಣೇ ನಿಖಿ, ವಿಷ ಇದೆ!" ಎಂದು ಕಿರುಚಿದಿರಿ. ಹಾಲು ಸ್ವಾಮಿಗಳ ಕಾವಿಯ ಮೇಲೆ, ನನ್ನ ರೇಷ್ಮೆ ಸೀರೆಯ ಮೇಲೆ, ಗೋಡೆಯ ಮೇಲೆ ಚೆಲ್ಲಿತು. ಆ ಒಂದು ಕ್ಷಣ ನೀವು ಸುಮ್ಮನಿದ್ದಿದ್ದರೆ ನಿಮ್ಮ ಆಸೆಯೆಲ್ಲ ಕೈಗೂಡುತ್ತಿತ್ತು, ಮಗಳು ಪೀಠ ಏರುತ್ತಲೇ ಇರಲಿಲ್ಲ. ಸುಮ್ಮನಿರಲು ನಿಮ್ಮಿಂದ ಆಗಲಿಲ್ಲ. ಧರ್ಮಕ್ಕಾಗಿ ಮಾಡಿದೆ ಎನ್ನುವವರೇ, ಅವತ್ತು ನಿಮ್ಮ ಧರ್ಮ ಎಲ್ಲಿ ಹೋಗಿತ್ತು?

ಆಮೇಲಿನದು ನಿಮಗೆ ಗೊತ್ತಿಲ್ಲ, ಹೇಳುತ್ತೇನೆ. ನಿಮ್ಮನ್ನು ಕರೆದುಕೊಂಡು ಹೋದ ಮೇಲೆ ನಮ್ಮ ಮನೆಯಲ್ಲಿ ಯಾರೂ ನೀರು ಕೂಡ ಮುಟ್ಟಲಿಲ್ಲ. ಸತ್ಯವತಿಯವರು ಸಂಕ್ರಾಂತಿಯ ಎಳ್ಳು ಬೆಲ್ಲವನ್ನು ಬಾಗಿಲಲ್ಲೇ ತೆಗೆದುಕೊಂಡರು, ಬಾಯಿಗೆ ಹಾಕಿಕೊಳ್ಳಲಿಲ್ಲ. ಬಂದವರಿಗೆಲ್ಲ ಉಣ್ಣಲಿಕ್ಕಿದ ಕೈ ಇದು, ನನಗೆ ಹೇಗಾಗಿರಬೇಡ? ನಿಖಿತಾ ಊಟ ಬಿಟ್ಟಳು. ಅಪ್ಪ ಇಂಥ ಕೆಲಸ ಮಾಡಿದ ಮೇಲೆ ಪೀಠವೂ ಬೇಡ, ಏನೂ ಬೇಡ ಎಂದು ಹಟ ಹಿಡಿದಳು. ಮೊದಲು ಸಮಾಧಾನ ಹೇಳಿದೆ. ಕೇಳದಿದ್ದಾಗ ಬೈದೆ. "ಅವತ್ತು ಲೋಟ ಬೀಳ್ಸಿದ್ದು ನಿಮ್ಮಪ್ಪ. ಇವತ್ತು ನೀನೇ ಬೀಳಿಸ್ತಾ ಇದೀಯ ಕಣೇ. ಅವ್ರಿಗಾದ್ರೂ ನಿನ್ನ ಉಳಿಸ್ಬೇಕು ಅಂತ ಇತ್ತು, ನಿಂಗೇನಿದೆ?" ಎಂದೆ. ಅವಳು ಎದ್ದು ಬಂದು ತಟ್ಟೆ ಹಾಕಿಕೊಂಡಳು.

ಇನ್ನು ಮಠದ ಟ್ರಸ್ಟು. ಶಾಸ್ತ್ರದ ಹಾಲು ಹೆತ್ತ ಮನೆಯಿಂದಲೇ ಬರಬೇಕು ಎಂಬುದು ಅಲ್ಲಿಯ ಕಟ್ಟಳೆ. ಟ್ರಸ್ಟಿನ ಅಧ್ಯಕ್ಷ ಗಿರಿರಾಜ್ ಅದನ್ನೇ ಹಿಡಿದುಕೊಂಡರು. ಅವರ ಅಣ್ಣನ ಮೊಮ್ಮಗನನ್ನು ಮರಿ ಮಾಡುವ ಆಸೆ ಅವರಿಗೆ ಇದೆ ಎಂಬುದು ನಿಮಗೂ ಗೊತ್ತು. ಸಭೆಯಲ್ಲಿ ಎದ್ದು ನಿಂತು, "ಆ ಮನೆ ಹಾಲನ್ನ ಯಾರಮ್ಮಾ ಕುಡೀತಾರೆ? ಹಾಲಿಲ್ದೆ ಶಾಸ್ತ್ರ ಇಲ್ಲ, ಶಾಸ್ತ್ರ ಇಲ್ದೆ ಪೀಠ ಇಲ್ಲ. ಬೇರೆ ಯಾರನ್ನಾದ್ರೂ ನೋಡೋಣ" ಎಂದರು. ನಾನು ಎದ್ದೆ. ನಿಮಗೆ ಗೊತ್ತಲ್ಲ, ನಾನು ನಾಲ್ಕು ಜನರ ಮುಂದೆ ಮಾತಾಡಿದವಳಲ್ಲ. "ವಿಷ ಹಾಕಿದ ಕೈ ಜೈಲಲ್ಲಿದೆ ಸಾರ್. ಹಾಲು ಕಾಯ್ಸೋ ಕೈ ಇಲ್ಲೇ ಇದೆ. ಹಾಲು ನಮ್ಮನೆಯಿಂದಾನೇ ಬರುತ್ತೆ, ನಾನೇ ತರ್ತೀನಿ. ಕುಡಿಯೋರು ಕುಡೀಲಿ, ಬಿಡೋರು ಬಿಡ್ಲಿ. ದಿನಾ ವಚನ ಹಾಡ್ತೀರಲ್ಲ, ಗಂಡ ಮಾಡಿದ್ದಕ್ಕೆ ಹೆಂಡ್ತಿ ಒಲೆ ಆರಿಸ್ಬೇಕು ಅಂತ ಯಾವ ಶರಣರು ಹೇಳಿದಾರೆ?" ಎಂದೆ. ಸ್ವಾಮಿಗಳು ಒಂದೇ ಮಾತು ಹೇಳಿದರು: "ತಾಯಿ ಹಾಲು ತರ್ಲಿ."

ಶಿವರಾತ್ರಿ ತನಕ ಕಾಯುವುದು ಬೇಡ ಎಂದು ಸ್ವಾಮಿಗಳೇ ದಿನ ಗೊತ್ತು ಮಾಡಿದ್ದರು, ನಿನ್ನೆ ಹಾಲು ತಂದೆ. ಅವತ್ತಿನ ಬೆಳ್ಳಿ ಲೋಟ ಇನ್ನೂ ಪೊಲೀಸರ ಹತ್ತಿರವೇ ಇದೆ, ಅದಕ್ಕೆ ದಿನದ ಸ್ಟೀಲ್ ಲೋಟವನ್ನೇ ತೊಳೆದು ತೆಗೆದುಕೊಂಡೆ. ಏಲಕ್ಕಿ ಹಾಕಲಿಲ್ಲ. ಬರೀ ಹಾಲು, ಮುಚ್ಚುಮರೆ ಬೇಡ ಎಂದು. ಪಾತ್ರೆ ಹಿಡಿದು ಸಭಾಂಗಣದೊಳಗೆ ಕಾಲಿಟ್ಟಾಗ ಜನ ದಾರಿ ಬಿಟ್ಟರು, ಭಕ್ತಿಗಲ್ಲ, ಭಯಕ್ಕೆ. ಒಬ್ಬಾಕೆ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ತಲೆ ಎತ್ತಿಯೇ ನಡೆದೆ.

ಸ್ವಾಮಿಗಳು ಲೋಟವನ್ನು ನಿಖಿತಾಳ ಬಾಯಿಗೆ ಹಿಡಿದರು. ಶಾಸ್ತ್ರಕ್ಕೆ ಒಂದು ಗುಟುಕು ಸಾಕು. ಅವಳು ಒಂದು ಕುಡಿದು, ನನ್ನ ಕಡೆ ನೋಡಿ, ಇನ್ನೊಂದು ಕುಡಿದಳು. ಉಳಿದದ್ದನ್ನು ಸ್ವಾಮಿಗಳು ಗಟಗಟ ಕುಡಿದು ಲೋಟ ಮಗುಚಿ ಜನಕ್ಕೆ ತೋರಿಸಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕಿ, "ನಮಗೂ ಒಂದ್ ಗುಟುಕು ಹಾಕವ್ವ" ಎಂದು ಅಂಗೈ ಚಾಚಿದಳು. ಅವಳ ಹಿಂದೆ ಇನ್ನೊಬ್ಬಳು. ನೋಡನೋಡುತ್ತಾ ಬಾಗಿಲಾಚೆಗೂ ಸಾಲು ನಿಂತಿತು. ನಾನು ತಂದದ್ದು ಎಲ್ಲಿ ಸಾಲಬೇಕು? ನಮ್ಮ ಮನೆಯ ಹಾಲನ್ನು ಮಠದ ಕೊಳಗದ ಹಾಲಿಗೆ ಬೆರೆಸಿ ಕೊಟ್ಟೆ. ಮಗುವನ್ನು ಸೆರಗಿಗೆ ಎಳೆದುಕೊಂಡಿದ್ದವಳು ಮಗುವಿಗೇ ಮೊದಲು ಕುಡಿಸಿದಳು. ಕೊನೆಗೆ ಗಿರಿರಾಜ್ ಬಂದು ಕೈ ಒಡ್ಡಿದರು. ಅವರಿಗೆ ಬೇಕೆಂದೇ ಸ್ವಲ್ಪ ಜಾಸ್ತಿ ಹಾಕಿದೆ. ಖುಷಿಯಾಯಿತು ರೀ, ಮುಚ್ಚಿಟ್ಟುಕೊಳ್ಳುವುದೇನಿದೆ, ಇಷ್ಟು ಖುಷಿ ನನಗೆ ನಮ್ಮ ಲಗ್ನದಲ್ಲೂ ಆಗಿರಲಿಲ್ಲ.

ಇನ್ನು ಮೇಲೆ ಅವಳನ್ನು ನಿಖಿ ಎನ್ನುವಂತಿಲ್ಲ, ಅಕ್ಕನವರು ಎನ್ನಬೇಕು. ನಾನೂ ಪಾದಕ್ಕೆ ಹಣೆ ಹಚ್ಚಿದೆ. ಆಗ ಮಾತ್ರ ಅಳು ತಡೆಯಲಾಗಲಿಲ್ಲ. ಅವಳ ಕೋಣೆಯಲ್ಲಿ ಇನ್ನು ಸತ್ಯವತಿಯವರ ಮೊಮ್ಮಗಳು ಇಂಚರಾ ಕೂತು ಓದುತ್ತಾಳಂತೆ, ಹೂಂ ಎಂದಿದ್ದೇನೆ. ಖಾಲಿ ಇಡಲು ಮನಸ್ಸಾಗಲಿಲ್ಲ.

ನಿಮ್ಮ ಮಾತಿಗೆ ಉತ್ತರ. ಕೋರ್ಟಿನಲ್ಲಿ ಧರ್ಮ ಗಿರ್ಮ ಎಂದು ನಾನು ಹೇಳುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ. ಇವರೇ ಬೆರೆಸಿದರು ಎಂದು ಹೇಳುತ್ತೇನೆ. ಇವರೇ ಬೀಳಿಸಿದರು ಎಂದೂ ಹೇಳುತ್ತೇನೆ. ಎರಡರಲ್ಲಿ ಒಂದನ್ನೂ ಬಿಡುವುದಿಲ್ಲ. ಶಿಕ್ಷೆ ಎಷ್ಟು ಎಂಬುದು ಜಡ್ಜಿಗೆ ಬಿಟ್ಟದ್ದು. ಅಲ್ಲಿ ಚಳಿ ಇದೆಯಂತೆ, ಕಂದು ಸ್ವೆಟರ್ ಕಳಿಸಿದ್ದೇನೆ. ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ಇಂತಿ,
ಬಸವರಾಜೇಶ್ವರಿ ರೇವಣಸಿದ್ದಪ್ಪ

ವಿ.ಸೂ.: ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿ, ಬರೆಯುತ್ತಿದ್ದೇನೆ. ನಿನ್ನೆ ಎಲ್ಲ ಮುಗಿದ ಮೇಲೆ ಸ್ವಾಮಿಗಳು ನನ್ನನ್ನೂ ಅಕ್ಕನವರನ್ನೂ ಒಳಗೆ ಕರೆದು ಕೂರಿಸಿಕೊಂಡರು. ಹಳೆಯ ಗುರುಗಳು ಆರಿಸಿದ್ದು ನಿಮ್ಮನ್ನೇ ಅಂತೆ. ಹಿಂದಿನ ಸಂಜೆ ನಿಮ್ಮ ಅವ್ವ ಮಠಕ್ಕೆ ಬಂದು ಅವರ ಕಾಲು ಹಿಡಿದು, ಇರುವ ಒಬ್ಬ ಮಗನನ್ನು ಬಿಟ್ಟಿರಲಾರೆ, ವಾಪಸು ಕೊಡಿ ಎಂದು ಅತ್ತರಂತೆ. ನಾನು ಕೇಳಿದೆ ಎಂದು ಅವನಿಗೆ ತಿಳಿಸಬೇಡಿ, ಜನ್ಮವಿಡೀ ನನ್ನನ್ನು ದ್ವೇಷಿಸುತ್ತಾನೆ ಎಂದು ಭಾಷೆ ತೆಗೆದುಕೊಂಡರಂತೆ. ಗುರುಗಳು ಕೊನೆಗಾಲದಲ್ಲಿ ಇದನ್ನು ಸ್ವಾಮಿಗಳಿಗೆ ಹೇಳಿ, ಅವರಿಂದಲೂ ಅದೇ ಭಾಷೆ ತೆಗೆದುಕೊಂಡರು. ನನಗೆ ಸಿಟ್ಟು ಬಂತು, "ಅತ್ತೆ ಹೋಗಿ ಇಷ್ಟು ವರ್ಷ ಆಯ್ತಲ್ಲ ಬುದ್ಧಿ, ಆಗ್ಲೇ ಒಂದ್ ಮಾತು ಹೇಳ್ಬಾರ್ದಿತ್ತಾ?" ಎಂದು ಕೇಳಿಯೇ ಬಿಟ್ಟೆ. ಅವರು ಕೈ ಮುಗಿದರು. ನಿಮ್ಮನ್ನು ಯಾರೂ ಬೇಡ ಎಂದಿರಲಿಲ್ಲ. ಅಕ್ಕನವರು ಒಂದು ಮಾತು ಹೇಳಿ, ಅದನ್ನು ನಿಮಗೆ ಬರೆಯಲೇಬೇಕು ಎಂದರು: "ಹಾಗಾದ್ರೆ ನಾನು ಕೂತಿರೋದು ಅಪ್ಪನ ಜಾಗದಲ್ಲೇ."