ಕಸೇರಾ ಮೇಷ್ಟ್ರ ಸಾವಿನ ಹಾಡು

ಆಗಸ್ಟ್ 6, ಮಂಗಳವಾರ

ಬೆಳಗಿನ ಕಾರ್ಯಕ್ರಮ ಮುಗಿಯಿತು. ಸರೋವರದ ಗಾಳಿ, ದೋಣಿಗಳ ಸಮಯ, ಮೀನಿನ ದರ... ಎಲ್ಲ ಲುವೊ ಭಾಷೆಯಲ್ಲಿ, ನಿರಾಳವಾಗಿ. ಆಮೇಲೆ ಹತ್ತು ನಿಮಿಷ ನಮ್ಮದೇ ಸುಬಾ ಭಾಷೆ. ಮೂರು ಕಡೆ ತಡವರಿಸಿದೆ. ಈ ದ್ವೀಪದಲ್ಲಿ ಸುಬಾ ಉಳಿಯಲಿ ಎಂದೇ ಹುಟ್ಟಿದ ರೇಡಿಯೊ. ಅದರ ಮೈಕಿನ ಮುಂದೆ ಕೂತವಳಿಗೇ ಸುಬಾ ನೆಟ್ಟಗೆ ಬಾರದು. ಥೂ.

ಹದಿನಾಲ್ಕು ತಿಂಗಳ ಹಿಂದೆ ಈ ಕುರ್ಚಿಯಲ್ಲಿ ಕಸೇರಾ ಮೇಷ್ಟ್ರು ಇದ್ದರು. ರೇಡಿಯೊ ಕಟ್ಟಿದವರು. ನನಗೆ ಸುಬಾ ಕಲಿಸಿದವರು. ಆ ವಿಷಯ ಇವತ್ತು ಬೇಡ.

ಮ್ಯಾನೇಜರ್ ಒಮೋಲೊ ಹೇಳಿದ, "ಅಪೋಂಡಿ ಅಜ್ಜಿ ಹಾಡೋ ಸುಬಾ ಸಾವಿನ ಹಾಡು ರೆಕಾರ್ಡ್ ಮಾಡ್ಕೋ, ಅದೋಯೊ. ಆಚೆ ದಡದಲ್ಲಿ ಮಗಳ ಮನೇಲಿದ್ದಾಳೆ. ಅವಳು ಹೋದ್ರೆ ಹಾಡೂ ಹೋಯ್ತು."

ಆಗಸ್ಟ್ 8, ಗುರುವಾರ

ಅಜ್ಜಿ ಬಂದಳು. ಎರಡು ಲೋಟ ಚಹಾ ಕುಡಿದಳು. ಹೆಡ್‌ಫೋನ್ ಬೇಡವೆಂದಳು. ನಂತರ ಕೇಳಿದಳು, "ಯಾರು ಸತ್ತಿದ್ದು?"

"ಯಾರೂ ಇಲ್ಲಜ್ಜಿ. ಸುಮ್ನೆ ರೆಕಾರ್ಡಿಗೆ."

"ಸುಮ್ನೆ ಅಳೋಕೆ ನಂಗೇನು ಹುಚ್ಚಾ? ಹೆಸರು ಕೊಡು. ಹೆಸರಿಲ್ಲದೆ ಇದನ್ನ ಹಾಡೋ ಹಾಗಿಲ್ಲ."

ಯಾವುದೋ ಹೆಸರು ಕಟ್ಟಿ ಹೇಳಿದೆ. "ಹುಟ್ಟದೇ ಇದ್ದವನನ್ನ ಯಾವ ಮನೆ ಅಂಗಳದಲ್ಲಿ ಹೂಳಲಿ?" ಅಂದಳು. ನನ್ನ ತೀರಿಹೋದ ತಾತನ ಹೆಸರು ಹೇಳಿದೆ. "ಅವನಿಗೆ ನಾನೇ ಹಾಡಿ ಆಗಿದೆ. ಎರಡು ಸಲ ಹಾಡಿದ್ರೆ ಎದ್ದು ಕೂರ್ತಾನೆ, ಬೇಕಾ?"

ನಕ್ಕುಬಿಟ್ಟೆ. ನಗುತ್ತಲೇ ಬಾಯಿಗೆ ಬಂತು: "ಕಸೇರಾ."

ಅಜ್ಜಿ ಲೋಟ ಕೆಳಗಿಟ್ಟಳು. "ಮೇಷ್ಟ್ರಾ? ಅಯ್ಯೋ... ಯಾವಾಗ?"

ಮೇಷ್ಟ್ರು ಬದುಕಿದ್ದಾರೆಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ, ತಲೆ ತಗ್ಗಿಸಿದೆ. ಅವಳು ಅದನ್ನೇ ಹೌದು ಎಂದುಕೊಂಡಳು. ನನ್ನ ಕೈ ರೆಕಾರ್ಡ್ ಗುಂಡಿಯ ಮೇಲಿತ್ತು. ಒತ್ತಿದೆ.

ಇಪ್ಪತ್ತು ನಿಮಿಷ ಹಾಡಿದಳು. ನಿಜವಾದ ಕಣ್ಣೀರು. ಮೇಷ್ಟ್ರ ಕುಲ, ಅವರ ತಂದೆಯ ದೋಣಿ, ಬೆಳಗಾಗೆದ್ದು ಊರನ್ನು ಎಬ್ಬಿಸುತ್ತಿದ್ದ ಅವರ ದನಿ. ಕೊನೆಯಲ್ಲಿ ಒಂದು ಸಾಲು, ಶಿಷ್ಯೆ ತಲೆಯ ಬಳಿ ಕೂತು ಬಾಯಿಗೆ ನೀರು ಬಿಟ್ಟಳು ಎಂದು. ನನ್ನನ್ನು ನೋಡುತ್ತಲೇ ಹಾಡಿದಳು.

ದೋಣಿ ಹತ್ತುವಾಗ ಕೇಳಿದಳು, "ಮಣ್ಣು ಯಾವತ್ತೇ?"

"ಇನ್ನೂ ಗೊತ್ತಾಗಿಲ್ಲಜ್ಜಿ," ಅಂದೆ. ನಾಲಿಗೆ ಬಿದ್ದುಹೋಗಬಾರದೇ.

ಆಗಸ್ಟ್ 9, ಶುಕ್ರವಾರ

ಹಾಡಿನ ಮುಂದೆ ನನ್ನ ದನಿಯಲ್ಲಿ ಪೀಠಿಕೆ: ಇದು ದಾಖಲೆಗಾಗಿ ಹಾಡಿಸಿದ್ದು, ಯಾರೂ ತೀರಿಕೊಂಡಿಲ್ಲ. ಸುಬಾದಲ್ಲಿ. ನಾಲ್ಕು ಸಲ ಓದಿದೆ, ನಾಲ್ಕು ಸಲವೂ ಎಡವಿದೆ. ಆ ಹಾಡಿನ ಪಕ್ಕದಲ್ಲಿ ನನ್ನ ಮಾತು ಕೇಳಲಾಗಲಿಲ್ಲ, ನಾಚಿಕೆಯಾಯಿತು. ಕತ್ತರಿಸಿ ಎಸೆದೆ. ಸೋಮವಾರ ಅಭ್ಯಾಸ ಮಾಡಿಕೊಂಡು ಬಂದು ಸೇರಿಸಿದರಾಯಿತು. ಫೈಲಿಗೆ 'ಕಸೇರಾ' ಎಂದು ಹೆಸರಿಟ್ಟು ಮನೆಗೆ ಬಂದೆ. ಒಮೋಲೊಗೆ ಹೇಳಲು ಮರೆತೆ— ಮರೆತೆನೋ, ಹೇಳಲಾಗಲಿಲ್ಲವೋ.

ಆಗಸ್ಟ್ 11, ಭಾನುವಾರ, ಸಂಜೆ 7

ಆಗಿದ್ದೇ ಆಗಿಹೋಯಿತು. ಐದು ಗಂಟೆಗೆ ಸಾವಿನ ಪ್ರಕಟಣೆಗಳು. ಅವು ಮುಗಿದ ಕೂಡಲೇ ಒಮೋಲೊ ಆ ಫೈಲ್ ಹಾಕಿದ್ದಾನೆ. ನಾನು ದಡದಲ್ಲಿ ಮೀನು ಕೊಳ್ಳುತ್ತಿದ್ದೆ. ಅಂಗಡಿಯ ರೇಡಿಯೊದಲ್ಲಿ ಅಪೋಂಡಿಯ ದನಿ. ಹೆಂಗಸರು ಬುಟ್ಟಿ ಕೆಳಗಿಟ್ಟು ತಲೆಯ ಮೇಲೆ ಕೈಹೊತ್ತರು. ಒಬ್ಬಳು ನನ್ನನ್ನು ತಬ್ಬಿಕೊಂಡು ಅತ್ತಳು, "ನಿನ್ನ ಮೇಷ್ಟ್ರು ಹೋದ್ರಲ್ಲೇ!"

ಒಮೋಲೊಗೆ ಫೋನ್ ಮಾಡಿದೆ. "ಹೆಸರು ನೋಡಿ ನಾನೂ ನಂಬಿಬಿಟ್ಟೆ ಮಾರಾಯ್ತಿ. ಅತ್ತೂ ಆಯ್ತು."

ಮೇಷ್ಟ್ರ ಮನೆ ಕಡೆ ಓಡಿದೆ. ಬೇಲಿಯ ಹತ್ತಿರ ಕಾಲು ನಿಂತುಹೋಯಿತು. ಅಂಗಳದ ತುಂಬ ಜನ. ಸಾವಿನ ಮನೆಗೆಂದು ತಂದ ಕೋಳಿಗಳು, ಬಾಡಿಗೆ ಕುರ್ಚಿಗಳು, ಯಾರೋ ಹೋರಿಯನ್ನೂ ಹೊಡೆದುಕೊಂಡು ಬಂದಿದ್ದರು. ಹೆಂಡತಿ ಸೆಲಿನಾ ಕೂಗುತ್ತಿದ್ದರು, "ಅಯ್ಯೋ ನಿಮ್ಮ ಬಾಯಿಗೆ ಮಣ್ಣು ಹಾಕ! ಇಲ್ಲೇ ಉಗಾಲಿ ಮುದ್ದೆ ತಿಂತಾ ಕೂತಿದ್ದಾರೆ ನೋಡ್ರೋ!" ಕೆಲವರು ನಕ್ಕರು. ಮೇಷ್ಟ್ರು ನಗಲಿಲ್ಲ. ರೇಡಿಯೊ ತೊಡೆಯ ಮೇಲಿತ್ತು.

ಒಳಗೆ ಹೋಗಲಿಲ್ಲ. ಕಳ್ಳಿಯ ಹಾಗೆ ಹಿಂದಿರುಗಿದೆ.

ಆಗಸ್ಟ್ 12, ಸೋಮವಾರ

ಮೊದಲ ದೋಣಿಗೇ ಅಪೋಂಡಿ ಬಂದಳು. ಮೇಜು ಗುದ್ದಿದಳು. "ಬದುಕಿದ್ದವನನ್ನ ನನ್ನ ಬಾಯಲ್ಲಿ ಹೂಳಿಸಿದೆಯಲ್ಲೇ, ಪಾಪಿ!"

ಕಾಲು ಹಿಡಿಯಲು ಹೋದೆ. ಒದರಿಕೊಂಡಳು.

"ನನ್ನ ಕಾಲು ಯಾಕೆ? ಹೆಸರು ಕೊಟ್ಟವಳು ನೀನು. ಹಗಲು ಹೊತ್ತಲ್ಲಿ ಅವನ ಬಾಗಿಲಿಗೆ ಹೋಗಿ ಮೂರು ಸಲ ಕರಿ. ಅವನು ಓ ಅನ್ನಬೇಕು. ಅಲ್ಲೀವರೆಗೆ ನನ್ನ ಬಾಯಿಗೆ ಬೀಗ. ಯಾರ ಹೆಣಕ್ಕೂ ಹಾಡಲ್ಲ."

"ಅವರು ಓ ಅನ್ನದಿದ್ರೆ?"

"ಅದು ಅವನಿಷ್ಟ. ಈ ದ್ವೀಪದ ಹೆಣಗಳೆಲ್ಲ ಮೂಕವಾಗಿ ಹೋಗ್ತವೆ, ನಿನ್ನಿಂದ."

ಆಗಸ್ಟ್ 16, ಶುಕ್ರವಾರ

ನಾಲ್ಕು ದಿನ ನೆಪ ಹೇಳಿಕೊಂಡೆ. ಶೀತ, ಕೆಲಸ, ಗಾಳಿ. ಅವರ ಮನೆ ಇಲ್ಲಿಂದ ಇಪ್ಪತ್ತು ನಿಮಿಷದ ದಾರಿ. ನಿನ್ನೆ ಬಡಗಿಯ ತಾಯಿಯನ್ನು ಹಾಡಿಲ್ಲದೆ ಹೂಳಿದರು. ಬಡಗಿ ನನ್ನ ಮುಖ ನೋಡಲಿಲ್ಲ.

ಇವತ್ತು ಹೋದೆ. ಬಾಗಿಲ ಮುಂದೆ ನಿಂತು ಪೂರ್ತಿ ಹೆಸರು ಹಿಡಿದು ಕರೆದೆ. ಒಂದು. ಎರಡು. ಮೂರನೆಯದು ಅರ್ಧ ಹೆಸರಿಗೇ ನಿಂತಿತು. ಮೇಷ್ಟ್ರು ಹೊರಗೆ ಬಂದರು. ತೆಳ್ಳಗಾಗಿದ್ದಾರೆ. ಓ ಎನ್ನಲಿಲ್ಲ.

"ಹೋದ ವರ್ಷ ಜೂನ್‌ನಲ್ಲೇ ಸತ್ತೆನಲ್ಲ," ಅಂದರು. "ಆಗ ಒಬ್ಬನೂ ಒಂದು ಕೋಳಿ ತರಲಿಲ್ಲ. ಈ ಸಲ ಪರವಾಗಿಲ್ಲ, ಹಾಡಾದರೂ ಇತ್ತು."

"ಸುಮ್ನಿರ್ರೀ," ಅಂದರು ಸೆಲಿನಾ.

"ತಲೆ ಹತ್ತಿರ ಯಾರೋ ಶಿಷ್ಯೆ ಕೂತಿದ್ದಳಂತೆ. ಯಾರಮ್ಮ ಅದು?"

ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು.

"ಇಲ್ಲಿ ಕರೆದರೆ ನಾನೊಬ್ಬನೇ ಕೇಳಿಸ್ಕೊಂಡ ಹಾಗೆ," ಅಂದರು. "ಎರಡು ಸಲವೂ ಸಾಯಿಸಿದ್ದು ರೇಡಿಯೊದಲ್ಲಿ. ಅಲ್ಲೇ ಕರಿ. ಜೂನ್‌ನದನ್ನೂ ಹೇಳಿ ಕರಿ, ಸುಬಾದಲ್ಲಿ. ನಾಳೆ ಐದಕ್ಕೆ ರೇಡಿಯೊ ಹಾಕ್ಕೊಂಡು ಕೂತಿರ್ತೀನಿ. ಓ ಅನ್ನೋದು ಬಿಡೋದು ಆಮೇಲೆ."

ಬಾಗಿಲು ಹಾಕಿಕೊಂಡರು. ಸೆಲಿನಾ ಹಿಂದಿನಿಂದ ಬಂದು ನನ್ನ ಕೈಗೆ ಬೇಯಿಸಿದ ಗೆಣಸು ತುರುಕಿದರು. ಬೈದಿದ್ದರೇ ಚೆನ್ನಾಗಿತ್ತು.

ಆಗಸ್ಟ್ 17, ಶನಿವಾರ, 4.35

ಸ್ಟುಡಿಯೊ. ಒಮೋಲೊ ಬಾಗಿಲಲ್ಲಿ ನಿಂತಿದ್ದಾನೆ. "ಕ್ಷಮಿಸಿ ಅಂದ್ರೆ ಸಾಕು. ಜೂನ್‌ನ ಆ ಕಾಗದದ ವಿಷ್ಯ ಯಾಕೆ? ನನ್ನ ಸಹಿಯೂ ಇದೆ ಅದರಲ್ಲಿ."

ಕಾಗದದಲ್ಲಿ ಇದ್ದದ್ದು: ಕಸೇರಾ ಅವರ ದನಿ ಈಗಿನ ಕೇಳುಗರಿಗೆ ಹಿಡಿಸುತ್ತಿಲ್ಲ, ಅವರನ್ನು ಕೆಲಸದಿಂದ ತೆಗೆಯಲಾಗಿದೆ. ಹಾಗೆಂದು ಯಾವ ಕೇಳುಗನೂ ಹೇಳಿರಲಿಲ್ಲ. ಮೂರನೇ ಸಹಿ ನನ್ನದು. ಆಮೇಲೆ ಅದನ್ನು ಇದೇ ಮೈಕಿನಲ್ಲಿ ಓದಿದವಳೂ ನಾನೇ, ಕೊನೆಯಲ್ಲಿ ವಂದನೆಗಳು ಎಂದು ಸೇರಿಸಿ.

4.50

ಸುಬಾದಲ್ಲಿ ಬರೆದಾಯಿತು. ತಪ್ಪುಗಳಿವೆ, ಇರಲಿ. ಎರಡು ಸಲ ಓದಿದೆ. ಏನೋ ಬಿಟ್ಟಿದ್ದೇನೆ ಅನ್ನಿಸುತ್ತಿದೆ.

4.56

ಏನು ಬಿಟ್ಟಿದ್ದು ಎಂದು ಗೊತ್ತು. ಆ ದಿನ ಅಷ್ಟು ಹೆಸರುಗಳಲ್ಲಿ ಅವರದೇ ಯಾಕೆ ಬಾಯಿಗೆ ಬಂತು. ಬಾಯ್ತಪ್ಪಿ ಅಲ್ಲ. ದಾರಿಯಲ್ಲಿ ಎದುರಾದಾರು ಎಂದು ಹದಿನಾಲ್ಕು ತಿಂಗಳು ಸುತ್ತು ಬಳಸಿ ನಡೆದಿದ್ದೇನೆ. ಅಜ್ಜಿ "ಯಾವಾಗ?" ಎಂದು ಕೇಳಿದಾಗ ಒಂದು ಕ್ಷಣ ಎದೆ ಹಗುರಾಯಿತು. ಇದನ್ನೂ ಹೇಳಬೇಕೇ? ಸೆಲಿನಾ ಕೇಳುತ್ತಿರುತ್ತಾರೆ. ಅಮ್ಮ ಕೇಳುತ್ತಿರುತ್ತಾಳೆ. ಹೇಳದಿದ್ದರೆ ಮೂರು ಸಲವಲ್ಲ, ಮುನ್ನೂರು ಸಲ ಕರೆದರೂ...

ಐದು ದಾಟಿತು, ಸಾವಿನ ಪ್ರಕಟಣೆಗಳು ಮುಗಿದವು. ಒಮೋಲೊ ಕೈ ಎತ್ತಿದ. ಹೇಳಿಬಿಡುತ್ತೇನೆ. ಮೇಷ್ಟ್ರೇ, ನೀವು ಸತ್ತಿದ್ದರೆ ನನಗೆ ಹಗುರ—