ಹಳೇ ರೈಲು ದಾರಿಗೆ ಬೇಲಿ ಬೇಡಿದವಳು ನಾನೇ

ಹಳೆಯ ರೈಲು ಜಮೀನುಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಕರೀಕಟ್ಟೆ ಗೇಟಿನ ಹತ್ತಿರ ಹಳೇ ರೈಲು ದಾರಿಗೆ ಅಡ್ಡಲಾಗಿ ತಾವು ಹಾಕಿಸಿರುವ ತಂತಿಬೇಲಿಯನ್ನು ಕಿತ್ತುಹಾಕಿಸಬೇಕೆಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಆ ಬೇಲಿ ಹಾಕಿಸಿ ಎಂದು ತಮಗೆ ಅರ್ಜಿ ಕೊಟ್ಟವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಹೇಳಲು ಧೈರ್ಯ ಸಾಲುವುದಿಲ್ಲ. ಪತ್ರಿಕೆಗೆ ಏಕೆ ಬರೆದಿರಿ, ನೇರವಾಗಿ ಬರಬಹುದಿತ್ತಲ್ಲ ಎಂದು ತಾವು ಕೇಳಬಹುದು. ನಾಲ್ಕು ಸಲ ಬಂದೆ. ನಾಲ್ಕು ಸಲವೂ ತಾವು ಮೀಟಿಂಗಿನಲ್ಲಿದ್ದಿರಿ.

ನಾನು ಇಪ್ಪತ್ತೊಂಬತ್ತು ವರ್ಷ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು. ನಿವೃತ್ತಳಾದ ಮೇಲೂ ಅರ್ಜಿ ಬರೆಯುವ ಚಟ ಬಿಡಲಿಲ್ಲ. ನಮ್ಮೂರಿಗೆ ಬೆಳಗಿನ ಬಸ್ಸು ಬೇಕೆಂದು ಬರೆದು ಏಳು ವರ್ಷವಾಯಿತು, ಇನ್ನೂ ಪರಿಶೀಲನೆಯಲ್ಲಿದೆ. ನೀರಿನ ಟ್ಯಾಂಕು ಸೋರುತ್ತಿದೆ ಎಂದು ಬರೆದೆ. ಸೋರುವುದು ನಿಂತಿತು, ಟ್ಯಾಂಕಿಗೆ ನೀರು ಬರುವುದೇ ನಿಂತುಹೋಗಿದ್ದರಿಂದ. ಇಂಥ ಆಡಳಿತದಲ್ಲಿ ನನ್ನ ಬೇಲಿಯ ಅರ್ಜಿ ಮಾತ್ರ ನಲವತ್ತೊಂದೇ ದಿನದಲ್ಲಿ ಕೈಗೂಡಿತು. ನನ್ನ ಜೀವಮಾನದಲ್ಲಿ ಸರ್ಕಾರ ನನ್ನ ಮಾತು ಕೇಳಿದ್ದು ಅದೊಂದು ಸಲ.

ಓದುವ ಇತರರಿಗೆ ತಿಳಿಯಲೆಂದು ಆ ದಾರಿಯ ವಿಷಯ ಹೇಳುತ್ತೇನೆ. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದಿಂದ ಅದಿರು ಸಾಗಿಸಲು ಒಂದು ಕಾಲದಲ್ಲಿ ಹಾಕಿದ ಸಣ್ಣ ಲೈನು ಅದು. ಅದಿರು ನಿಂತ ಮೇಲೆ ಕೆಲವು ವರ್ಷ ಮೂರು ಬೋಗಿಯ ಪ್ಯಾಸೆಂಜರ್ ಓಡಿತು, ಆಮೇಲೆ ಅದೂ ನಿಂತಿತು. ಹಳಿ ಕಿತ್ತುಕೊಂಡು ಹೋಗಿ ಮೂವತ್ತು ವರ್ಷದ ಮೇಲಾಗಿದೆ. ಜಲ್ಲಿ ಜನರ ಮನೆಯ ಪಾಯಕ್ಕೆ ಹೋಯಿತು, ಮರದ ಸ್ಲೀಪರುಗಳು ದನದ ಕೊಟ್ಟಿಗೆಯ ತೊಲೆಗಳಾದವು. ನಮ್ಮ ಕೊಟ್ಟಿಗೆಯಲ್ಲೂ ಎರಡಿವೆ, ಬೇಕಾದರೆ ಅದಕ್ಕೂ ನೋಟಿಸ್ ಕಳಿಸಿ. ಉಳಿದದ್ದು ನಲವತ್ತು ಅಡಿ ಅಗಲದ ಮಣ್ಣಿನ ಏರಿ. ಎರಡೂ ಕಡೆ ತೆಂಗಿನ ತೋಟಗಳು, ತೋಟಕ್ಕೆಲ್ಲ ತಂತಿಬೇಲಿ. ಹಂದನಕೆರೆ ಕಡೆಯಿಂದ ದಬ್ಬೇಘಟ್ಟದ ಗದ್ದೆಬಯಲಿನವರೆಗೆ ಯಾರನ್ನೂ ಕೇಳದೆ ಕಾಲಿಡಬಹುದಾದ ನೆಲ ಅದೊಂದೇ ಆಗಿತ್ತು.

ಅಲ್ಲಿ ನಡೆಯುತ್ತಿದ್ದವರು ಕುರಿಯವರು. ಹಂದನಕೆರೆ ಕಡೆಯ ಹಟ್ಟಿಯೊಂದರ ಕಾಟಪ್ಪ, ಅವನ ಹೆಂಡತಿ ನಾಗಕ್ಕ ಪ್ರತಿವರ್ಷ ಸಂಕ್ರಾಂತಿಯ ಆಸುಪಾಸಿನಲ್ಲಿ ನೂರನಲವತ್ತು ಕುರಿ ಹೊಡೆದುಕೊಂಡು, ಭತ್ತ ಕೊಯ್ದ ಗದ್ದೆಗಳ ಕೂಳೆ ಮೇಯಿಸಲು ದಬ್ಬೇಘಟ್ಟಕ್ಕೆ ಇಳಿಯುತ್ತಿದ್ದರು. ಮುಂಗಾರಿಗೆ ಮುಂಚೆ ಅದೇ ದಾರಿಯಲ್ಲಿ ಹಿಂದಿರುಗುತ್ತಿದ್ದರು. ಹೋಗುವಾಗ ಎರಡು ದಿನ ನಮ್ಮ ತೋಟದಲ್ಲಿ ಮಂದೆ ನಿಲ್ಲುತ್ತಿತ್ತು. ಕುರಿಗೊಬ್ಬರ ಬಿದ್ದ ಸಾಲು ಯಾವುದೆಂದು ಮರುವರ್ಷ ಮರಗಳ ಗೊನೆ ನೋಡಿಯೇ ಹೇಳಬಹುದಿತ್ತು. ನಮ್ಮ ಯಜಮಾನರು ಸದಾಶಿವಯ್ಯನವರು ಬದುಕಿರುವವರೆಗೆ, ಸಂಕ್ರಾಂತಿ ಹತ್ತಿರ ಬಂತೆಂದರೆ ದಿನಕ್ಕೆರಡು ಸಲ ಏರಿ ಹತ್ತಿ ಬಡಗಣ ದಿಕ್ಕು ನೋಡುತ್ತಿದ್ದರು. "ಬಂದ್ರಾ ನಿಮ್ಮ ನೆಂಟ್ರು?" ಎಂದು ನಾನು ರೇಗಿಸುತ್ತಿದ್ದೆ.

ಅವರು ತೀರಿಕೊಂಡ ಮೇಲೆ ತೋಟದ ಖಾಲಿ ಜಾಗಕ್ಕೆ ತೆಂಗಿನ ಸಸಿ ಇಡಿಸಿದೆ. ಬೀಜಕ್ಕೆಂದು ಅವರೇ ಕೈಯಾರೆ ಆರಿಸಿಟ್ಟುಹೋಗಿದ್ದ ಕಾಯಿಗಳಿಂದ ಬಂದ ಸಸಿಗಳು. ಕಳೆದ ವರ್ಷ ಮೇ ತಿಂಗಳಲ್ಲಿ, ಮಂದೆ ಹಿಂದಿರುಗುವಾಗ, ಅದರೊಳಗಿದ್ದ ನಾಲ್ಕಾರು ಮೇಕೆಗಳು ನನ್ನ ಬೇಲಿಯ ಸಂದಿಯಲ್ಲಿ ನುಗ್ಗಿ ಹದಿನಾಲ್ಕು ಸಸಿಗಳ ಸುಳಿ ತಿಂದವು. ಸುಳಿ ಹೋದ ಸಸಿ ಮತ್ತೆ ಬದುಕುವುದಿಲ್ಲ. ಕಾಟಪ್ಪ ಓಡಿಬಂದ. "ತಪ್ಪಾಯ್ತು ಅಮ್ಮಾವ್ರೇ, ನನ್ ಕಣ್ತಪ್ಪು" ಎಂದು ಕಿವಿ ಹಿಡಿದುಕೊಂಡ. ಸಂಜೆ ಒಂದು ಹೆಣ್ಣುಮರಿ ತಂದು ಕಂಬಕ್ಕೆ ಕಟ್ಟಿದ. "ಬಿಚ್ಕೊಂಡು ಹೋಗು. ಇನ್ನು ಈ ಕಡೆ ತಲೆ ಹಾಕಬೇಡ" ಎಂದೆ. ಗಂಡನನ್ನು ಕಳೆದುಕೊಂಡ ಸಿಟ್ಟನ್ನೆಲ್ಲ ಅವನ ಮೇಲೆ ಹಾಕಿದೆ ಎಂದು ಈಗ ತಿಳಿಯುತ್ತದೆ. ಅಂದು ಸಸಿಯ ಸಿಟ್ಟೆಂದೇ ತಿಳಿದಿದ್ದೆ.

ಆಮೇಲೆ ಅರ್ಜಿ ಬರೆದೆ. ಅದರಲ್ಲಿ ಕುರಿ ಎಂಬ ಪದವೇ ಇರಲಿಲ್ಲ. ಸಸಿಯೂ ಇರಲಿಲ್ಲ, ಕಾಟಪ್ಪನೂ ಇರಲಿಲ್ಲ. "ಸಾರ್ವಜನಿಕ ಸ್ವತ್ತಿನಲ್ಲಿ ಅನಧಿಕೃತ ಸಂಚಾರ ನಡೆಯುತ್ತಿದ್ದು, ಅತಿಕ್ರಮಣದ ಸಂಭವವಿರುವುದರಿಂದ ತುರ್ತು ಕ್ರಮ ಜರುಗಿಸಲು ಕೋರಿದೆ" ಎಂದು ಬರೆದಿದ್ದೆ. ಕುರಿ ಎಂದಿದ್ದರೆ ತಾವು ಪಶುಸಂಗೋಪನೆಯವರಿಗೆ ಕಳಿಸುತ್ತಿದ್ದಿರಿ, ಸಸಿ ಎಂದಿದ್ದರೆ ತೋಟಗಾರಿಕೆಯವರಿಗೆ. ಇಪ್ಪತ್ತೊಂಬತ್ತು ವರ್ಷ ನಾನು ಟೈಪು ಮಾಡಿದ್ದು ವ್ಯರ್ಥವಾಗಲಿಲ್ಲ. ಆದರೆ ಮಾನ್ಯರೇ, ಸಂಚರಿಸುವವರು ಯಾರು, ಎಂದಿನಿಂದ, ಏತಕ್ಕಾಗಿ ಎಂದು ಕೇಳಲು ತಮ್ಮವರೊಬ್ಬರಾದರೂ ಬರಬಾರದಿತ್ತೇ? ಬಂದದ್ದು ಜೆಸಿಬಿ. ಏರಿಗೆ ಅಡ್ಡಲಾಗಿ ಕಂದಕ ತೋಡಿದರು, ಕಲ್ಲುಕಂಬ ನೆಟ್ಟರು, ಆರು ಎಳೆ ಮುಳ್ಳುತಂತಿ ಬಿಗಿದರು, ಬೋರ್ಡು ಹಾಕಿದರು. ಕಾಟಪ್ಪನಿಗೆ ಓದಲು ಬರುತ್ತಿರಲಿಲ್ಲ ಎಂಬುದು ತಮ್ಮ ತಪ್ಪಲ್ಲ ಬಿಡಿ. ನಾನು ಕೆಲಸಗಾರರಿಗೆಲ್ಲ ಎಳನೀರು ಕೊಚ್ಚಿಕೊಟ್ಟೆ.

ಈ ವರ್ಷ ಜನವರಿಯಲ್ಲಿ ಮಂದೆ ಬಂದು ಬೇಲಿಯ ಆಚೆ ನಿಂತಿತು. ಮಧ್ಯಾಹ್ನ ಕಾಟಪ್ಪ ಸುತ್ತಿಬಳಸಿ ನಮ್ಮ ಮನೆಗೆ ಬಂದ. ಜಗಲಿಯ ಮೇಲೆ ಕೂರೆಂದರೂ ಕೂರಲಿಲ್ಲ.

"ಅಮ್ಮಾವ್ರೇ, ಯಾರೋ ಅರ್ಜಿ ಕೊಟ್ಟು ದಾರಿ ಮುಚ್ಸವ್ರೆ. ನೀವು ಕಚೇರೀಲಿದ್ದೋರು. ದಾರಿ ಬುಡಿ ಅಂತ ನಮ್ಗೊಂದು ಅರ್ಜಿ ಬರ್ಕೊಡಿ" ಎಂದ.

ನಾನೇ ಬರೆದದ್ದು ಕಣಪ್ಪ ಎನ್ನಬೇಕಿತ್ತು. "ನಾಳೆ ಬಾ, ನೋಡೋಣ" ಎಂದೆ.

ಅವನು ನನ್ನ ಮುಖ ನೋಡಿದ. "ಆಗ್ಲಿ ಬುಡಿ ಅಮ್ಮಾವ್ರೇ. ಅಲ್ಲೀಗಂಟ ಕಾದ್ರೆ ಕುರಿ ಉಪಾಸ ಬೀಳ್ತವೆ. ಬೆಳಿಗ್ಗೆ ರೋಡ್ನಾಗೇ ಹೊಡ್ಕಂಡೋಯ್ತೀನಿ" ಎಂದು ಹೊರಟ.

ಮಾರನೆಯ ಬೆಳಿಗ್ಗೆ ದಟ್ಟವಾಗಿ ಮಂಜು ಮುಸುಕಿತ್ತು. ಟಾರು ರಸ್ತೆಯ ತಿರುವಿನಲ್ಲಿ ಕಾಟಪ್ಪ ಮಂದೆಯ ಮುಂದೆ ನಿಂತು ಕಂಬಳಿ ಬೀಸಿ ಗಾಡಿಗಳನ್ನು ತಡೆಯುತ್ತಿದ್ದನಂತೆ. ಎರಡು ಗಾಡಿ ನಿಂತವು. ಮೂರನೆಯದು ಟಿಪ್ಪರು, ನಿಲ್ಲಲಿಲ್ಲ. ಹತ್ತೊಂಬತ್ತು ಕುರಿ ಹೋದವು, ಕಾಟಪ್ಪ ಹೋದ. ನಾಗಕ್ಕ ಮಂದೆಯ ಹಿಂದೆ ಇದ್ದದ್ದರಿಂದ ಉಳಿದಳು. ನಾನು ಹೋಗುವಷ್ಟರಲ್ಲಿ ಅವನ ಮೇಲೆ ಅದೇ ಕಂಬಳಿ ಹೊದಿಸಿದ್ದರು. ನಾನು ಅಲ್ಲಿ ನಿಂತು ಗಟ್ಟಿಯಾಗಿ ಅತ್ತೆ. ಕುರಿಯವನಿಗಾಗಿ ಇಷ್ಟು ಅಳುತ್ತಾರಲ್ಲ, ಎಂಥ ಒಳ್ಳೆಯ ಹೆಂಗಸು ಎಂದು ಸುತ್ತಲಿದ್ದವರು ಆಡಿಕೊಂಡರು. ಆ ಮಾತು ಕೇಳಿಯೂ ನಾನು ಸುಮ್ಮನಿದ್ದೆ.

ಹದಿನೈದು ದಿನ ಬಿಟ್ಟು ಅರ್ಜಿ ಹಿಂತೆಗೆದುಕೊಳ್ಳಲು ತಮ್ಮ ಕಚೇರಿಗೆ ಬಂದೆ. "ಅದು ವಿಲೇವಾರಿ ಆಗಿದೆ ಕಣ್ರೀ ಮೇಡಂ. ವಿಲೇವಾರಿ ಆದ್ಮೇಲೆ ವಾಪಸ್ ತಗೊಳೋಕೆ ಬರಲ್ಲ" ಎಂದರು ತಮ್ಮ ಗುಮಾಸ್ತರು. ಹಾಗಾದರೆ ಬೇಲಿ ತೆಗೆಯಿರಿ ಎಂದು ಹೊಸ ಅರ್ಜಿ ಕೊಡುತ್ತೇನೆ ಎಂದೆ. "ನಿಮಗೇನು ತೊಂದರೆ? ತೊಂದರೆ ಆದೋರೇ ಖುದ್ದಾಗಿ ಬಂದು ಕೊಡ್ಬೇಕು" ಎಂದರು. ಖುದ್ದಾಗಿ ಬರುವ ಸ್ಥಿತಿಯಲ್ಲಿ ಅವನಿಲ್ಲ, ಮಾನ್ಯರೇ. ತಮ್ಮ ನಿಯಮದಲ್ಲಿ ಅದಕ್ಕೇನಾದರೂ ನಮೂನೆ ಇದ್ದರೆ ತಿಳಿಸಿ, ಭರ್ತಿ ಮಾಡಲು ನನಗೆ ಚೆನ್ನಾಗಿ ಬರುತ್ತದೆ.

ಹೋದ ತಿಂಗಳು ಬಸ್ಸು ಹಿಡಿದು ನಾಗಕ್ಕನ ಹಟ್ಟಿಗೆ ಹೋದೆ. ಬರುವ ಸಂಕ್ರಾಂತಿಗೂ ಮಂದೆ ಹೊರಡುತ್ತದೆ ಎಂದಳು. ತಮ್ಮನನ್ನು ಜೊತೆಗಿಟ್ಟುಕೊಂಡು ಅದೇ ಟಾರು ರಸ್ತೆಯಲ್ಲಿ. ಬೇಡ ನಾಗಕ್ಕ ಎಂದೆ. "ಬ್ಯಾಡ ಅಂದ್ರೆ ಮೇವು ಎಲ್ಲೈತಮ್ಮಯ್ಯ?" ಎಂದಳು. ರೈಲು ದಾರಿಯಲ್ಲಿ ನನ್ನನ್ನೊಮ್ಮೆ ನಡೆಸಿಕೊಂಡು ಹೋಗು ಎಂದು ಕೇಳಿದೆ. ನಲವತ್ತು ವರ್ಷ ಮನೆಯ ಹಿಂದೆಯೇ ಆ ದಾರಿ ಇದ್ದರೂ ಒಂದು ಫರ್ಲಾಂಗು ಆಚೆ ನಾನು ಹೋದವಳಲ್ಲ.

ರಾತ್ರಿ ಹಟ್ಟಿಯಲ್ಲೇ ಉಳಿದೆ, ಮಾರನೆಯ ಬೆಳಿಗ್ಗೆ ಆರಕ್ಕೆ ಹೊರಟೆವು. ತಂಗಡಿ ಗಿಡಗಳು ಆಳೆತ್ತರ ಬೆಳೆದಿದ್ದವು, ಲಂಟಾನ ಸೀರೆ ಹಿಡಿದೆಳೆಯುತ್ತಿತ್ತು. ಹಿಂದಿರುಗುವ ಮಂದೆ ಒಂದು ಸಲ ಬಾಯಿ ಹಾಕದಿದ್ದರೆ ಹೀಗಾಗುತ್ತದೆ ಎಂದಳು ನಾಗಕ್ಕ, ಕೋಲಿನಿಂದ ಕೊಂಬೆ ಸರಿಸುತ್ತ. ತಮ್ಮ ಕಡತದಲ್ಲಿ ಸರ್ವೆ ನಂಬರುಗಳಿವೆ, ಅವಳ ಬಾಯಲ್ಲಿ ಬೇರೆ ಹೆಸರುಗಳಿವೆ. ಮಳೆನೀರು ನಿಲ್ಲುವ ಕಲ್ಲುಕಟ್ಟಡದ ಮೋರಿಗೆ ಮರಿ ಹಾಕೋ ಮೋರಿ ಎನ್ನುತ್ತಾಳೆ, ನಡುವೆ ಬರುವ ದಿಬ್ಬಕ್ಕೆ ಕುಂಟ ಟಗರಿನ ದಿಣ್ಣೆ. ಹಳೇ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದ ಕೋಣೆಗೆ ಸೂರು ಇನ್ನೂ ಇದೆ. ದಾರಿಯಲ್ಲಿ ಹುಟ್ಟಿದ ಮರಿಗಳನ್ನು ಚಳಿಗೆ ಅದರೊಳಗೆ ಬಿಡುತ್ತಿದ್ದರಂತೆ. ಒಳಗೆ ಹಿಕ್ಕೆಯ ವಾಸನೆ ಇನ್ನೂ ಹೋಗಿರಲಿಲ್ಲ.

ಪ್ಲಾಟ್‌ಫಾರಂ ಕಲ್ಲಿನ ಮೇಲೆ ಕುಳಿತು ರೊಟ್ಟಿ ಬಿಚ್ಚಿದೆವು. ನನ್ನದನ್ನು ಕೆಳಗಿಟ್ಟೆ. "ನಾಗಕ್ಕ, ಆ ಬೇಲಿಗೆ ಅರ್ಜಿ ಬರೆದವಳು ನಾನು" ಎಂದುಬಿಟ್ಟೆ.

ಅವಳು ರೊಟ್ಟಿ ಮುರಿಯುತ್ತಲೇ ಇದ್ದಳು. "ಗೊತ್ತು ಕಣಮ್ಮಯ್ಯ. ಬ್ಯಾಲಿ ಕಂಡಾಗ್ಲೇ ನಮ್ಮೋರು ಅಂದ್ರು, ಇದು ಅಮ್ಮಾವ್ರ ಸಿಟ್ಟು ಕಣೇ ಅಂತ."

"ಗೊತ್ತಿದ್ದೂ ಅರ್ಜಿ ಬರೆಸೋಕೆ ನನ್ನ ಹತ್ರಾನೇ ಯಾಕೆ ಬಂದ?"

"ನಾನೂ ಅದ್ನೇ ಕೇಳ್ದೆ. ನಾಕು ಜನಕ್ಕೆ ಹೇಳಿ ಅವ್ರ ಮರ್ಯಾದೆ ಯಾಕೆ ತೆಗೀಬೇಕು, ಅವ್ರ ಕೈಲೇ ಬರ್ಸಿದ್ರೆ ಅವ್ರ ಮನ್ಸೂ ಹಗೂರಾಗ್ತದೆ, ನಮ್ಗೂ ದಾರಿ ಆಗ್ತದೆ ಅಂದ್ರು. ನಿಮ್ ಮನೆಯಿಂದ ವಾಪಸ್ ಬಂದು, 'ನಾಳೆ ಬಾ ಅಂದ್ರು ಕಣೇ' ಅಂದ್ರು." ಇಷ್ಟು ಹೇಳಿ ನೀರು ಕುಡಿದಳು. "ಏಳಿ ಅಮ್ಮಯ್ಯ, ಬಿಸ್ಲೇರ್ತದೆ."

ಮಧ್ಯಾಹ್ನದ ಹೊತ್ತಿಗೆ ತಮ್ಮ ಬೇಲಿ ಅಡ್ಡ ಬಂತು. ಅದರಾಚೆ ನನ್ನ ತೋಟ ಕಾಣುತ್ತಿತ್ತು, ಮೇಕೆ ನುಗ್ಗಿದ ಸಂದಿಯೂ ಕಾಣುತ್ತಿತ್ತು. ಮೊನ್ನೆ ಆ ಸಂದಿಗೆ ತಂತಿ ಕಟ್ಟಿಸಿದೆ. ಒಬ್ಬ ಆಳು, ಅರ್ಧ ದಿನದ ಕೆಲಸ. ಅಂದೇ ಅಷ್ಟು ಮಾಡಿಸಿದ್ದರೆ ತಮಗೆ ನಾನು ಅರ್ಜಿ ಬರೆಯುವ ಅಗತ್ಯವೇ ಇರಲಿಲ್ಲ.

ಈಗ ನನ್ನ ಬೇಡಿಕೆ. ಸಂಕ್ರಾಂತಿಗೆ ಮೊದಲು ಬೇಲಿ ತೆಗೆಸಿ, ಕಂದಕ ಮುಚ್ಚಿಸಿ, ಅದು ಕುರಿಯವರು ನಡೆಯುವ ದಾರಿ ಎಂದು ಕಡತದಲ್ಲಿ ಸ್ಪಷ್ಟವಾಗಿ ಬರೆಸಿ. ಈ ಸಲ ನಾನು ಕುರಿ ಎಂದೇ ಬರೆದಿದ್ದೇನೆ, ದಯವಿಟ್ಟು ಬೇರೆ ಇಲಾಖೆಗೆ ಕಳಿಸಬೇಡಿ. ತಾವು ತೆಗೆಸದಿದ್ದರೆ ನಾಗಕ್ಕನ ಮಂದೆ ಬರುವ ದಿನ ತಂತಿ ಕತ್ತರಿಸುವ ಕಟರ್ ಹಿಡಿದು ನಾನೇ ಅಲ್ಲಿ ನಿಂತಿರುತ್ತೇನೆ. ಕೇಸು ಹಾಕಿ. ಕಾಟಪ್ಪ ನನ್ನ ಹೆಸರನ್ನು ಊರಲ್ಲಿ ಯಾರಿಗೂ ಹೇಳದೆ ಹೋದ, ಅದಕ್ಕೇ ಕೆಳಗೆ ನಾನೇ ಬರೆದಿದ್ದೇನೆ.

ಇಂತಿ,
ಬೇಡಿದ್ದು ಸಿಕ್ಕಿದ ಅರ್ಜಿದಾರಳು,
ವನಜಾಕ್ಷಿ
ಕರೀಕಟ್ಟೆ ಗೇಟು